ಅಮ್ಮನ ಕಡೆಯ ಕಿಟಕಿ

ಆ ಕಿಟಕಿ ಹಟ ಹಿಡಿದು ಕೂತು ವರ್ಷವಾಗುತ್ತ ಬಂದಿತ್ತು. ಮೇಲಕ್ಕೂ ಹೋಗದು, ಕೆಳಕ್ಕೂ ಇಳಿಯದು. ಮುಕ್ಕಾಲು ಪಾಲು ಮುಚ್ಚಿ ಕಾಲು ಪಾಲು ತೆರೆದು, ತೂಕಡಿಸುವ ಕಾವಲುಗಾರನ ಕಣ್ಣಿನ ಹಾಗೆ ನಿಂತುಬಿಟ್ಟಿತ್ತು. ಸ್ವಿಚ್ಚು ಒತ್ತಿದರೆ ಬಾಗಿಲಿನ ಹೊಟ್ಟೆಯೊಳಗಿಂದ ‘ಟಿಕ್’ ಅಂತ ಒಂದು ಸದ್ದು ಬರುತ್ತಿತ್ತು, ಅಷ್ಟೇ. ಅರ್ಜಿ ಹಿಡಿದು ನಿಂತವನ ಮುಂದೆ ಗುಮಾಸ್ತ ತಲೆಯಾಡಿಸುತ್ತಾನಲ್ಲ, ಹಾಗೆ: ಕೇಳಿಸಿಕೊಂಡಿದ್ದೇನೆ, ಕೆಲಸ ಮಾತ್ರ ಆಗುವುದಿಲ್ಲ.

ಈ ಕಿಟಕಿಯ ಯಜಮಾನನನ್ನು ಬೀದಿಯವರೆಲ್ಲ ಗಾಡಿಯಣ್ಣ ಅನ್ನುತ್ತಿದ್ದರು. ಹಾಸಿಗೆ ಅಂಗಡಿಯ ಹಾಸಿಗೆಗಳನ್ನು ತನ್ನ ಹಳೇ ಟ್ರಕ್ಕಿನಲ್ಲಿ ಹೇರಿಕೊಂಡು ಮನೆಮನೆಗೆ ಮುಟ್ಟಿಸುವುದು ಅವನ ಕಸುಬು. ಊರಿಗೆಲ್ಲ ನಿದ್ದೆ ಹಂಚುವ ಮನುಷ್ಯ (ತನ್ನ ಪಾಲಿನದು ಮಾತ್ರ ಹನ್ನೊಂದು ತಿಂಗಳಿಂದ ಸ್ಟಾಕ್ ಇರಲಿಲ್ಲ). ಟ್ರಕ್ಕು ಅವನ ಕೈಗೆ ಬರುವ ಹೊತ್ತಿಗೇ ಅದರ ಯೌವನವನ್ನೆಲ್ಲ ಹಿಂದಿನ ಯಜಮಾನ ಉಂಡು ಮುಗಿಸಿದ್ದ. ಬಣ್ಣ ಹೋಗಿತ್ತು, ಗೇರು ಬೀಳಬೇಕಾದರೆ ಪೂಸಿ ಹೊಡೆಯಬೇಕಿತ್ತು. ಆದರೂ ಅದಕ್ಕೊಂದು ರಾಜಠೀವಿ ಉಳಿದಿತ್ತು. ಅದೇ ಕರೆಂಟು ಕಿಟಕಿ. ಹಿಡಿಕೆ ಹಿಡಿದು ಗರಗರ ತಿರುಗಿಸುವ ಗೋಜಿಲ್ಲ. ಬೆರಳು ಆಡಿಸಿದರೆ ಸಾಕು, ಗಾಜು ತಾನಾಗಿ ಏರಿ ಇಳಿಯುತ್ತದೆ.

ಆ ಠೀವಿಯನ್ನು ಪೂರ್ತಿ ಅನುಭವಿಸಿದವಳು ಅವನ ಅಮ್ಮ. ‘ಮನೇಲಿ ಕೂತು ಕೂತು ಗೋಡೆಗೂ ನನಗೂ ಏನೂ ವ್ಯತ್ಯಾಸ ಇಲ್ಲದ ಹಾಗಾಯ್ತು’ ಅಂತ ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟಿ ಬಂದು ಮಗನ ಪಕ್ಕದ ಸೀಟಿನಲ್ಲಿ ಕೂತವಳು ಆಮೇಲೆ ಆ ಸೀಟು ಬಿಟ್ಟುಕೊಡಲಿಲ್ಲ. ದಿನಾ ಏಳು ಗಂಟೆಗೆ ಮಗನಿಗಿಂತ ಮುಂಚೆ ಹಾಜರು. ಸ್ವಿಚ್ಚು ಒತ್ತಿ ಗಾಜು ಇಳಿಸುವುದು, ದಾರಿಯಲ್ಲಿ ಹೋಗುವವರಿಗೆ ಕೈ ಬೀಸುವುದು, ಮತ್ತೆ ಗಾಜು ಏರಿಸಿ ಗಂಭೀರವಾಗಿ ಕೂರುವುದು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರನ್ನು ‘ನಿಮ್ಮನೆ ಹಾಸಿಗೆ ಎಷ್ಟು ವರ್ಷದ್ದಪ್ಪಾ?’ ಅಂತ ಕೇಳಿ ವ್ಯಾಪಾರ ಕುದುರಿಸಲು ನೋಡುವುದು. ‘ಹಾರ್ನು ಕೆಟ್ಟರೂ ಚಿಂತೆಯಿಲ್ಲ, ತಾಯಿಯವರು ಇದ್ದಾರಲ್ಲ’ ಅಂತ ಅಂಗಡಿಯವರು ನಗುತ್ತಿದ್ದರು.

ಅಮ್ಮ ಹೋಗಿ ಹನ್ನೊಂದು ತಿಂಗಳಾಗಿತ್ತು. ಅವಳು ಹೋದ ವಾರವೇ ಕಿಟಕಿಯೂ ನಿಂತಿತು. ಸೂತಕ ಹಿಡಿದಿದೆ ಅಂದುಕೊಳ್ಳಬಹುದಿತ್ತು. ಆದರೆ ಇಷ್ಟು ದಿನದ ಸೂತಕವನ್ನು ಹೆತ್ತ ಮಗನೂ ಹಿಡಿದಿರಲಿಲ್ಲ.

ಮನೆಯೊಳಗೆ ಇನ್ನೊಂದು ನಿಂತುಹೋಗಿತ್ತು. ಅದು ಮಾತು. ಗಾಡಿಯಣ್ಣನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುವವಳು. ಮೊದಲೆಲ್ಲ ಅವಳ ‘ರೀ’ ಅನ್ನುವ ಕೂಗು ಹೊಲಿಗೆ ಮಿಷನ್ನಿನ ಸದ್ದನ್ನೂ ದಾಟಿ ಬೀದಿಯ ಕೊನೆಗೆ ಕೇಳುತ್ತಿತ್ತು. ಗಾಡಿಯಣ್ಣ ಟ್ರಕ್ಕು ತಿರುಗಿಸುತ್ತಿದ್ದರೆ ‘ರೀ’, ನೀರು ನಿಂತರೆ ‘ರೀ’, ಏನೂ ಆಗದಿದ್ದರೆ ಅದಕ್ಕೂ ಒಂದು ‘ರೀ’. ಆಸ್ಪತ್ರೆಯಿಂದ ವಾಪಸು ಬಂದ ದಿನದಿಂದ ಆ ಅಕ್ಷರ ಅವಳ ಬಾಯಲ್ಲಿ ಬರಲಿಲ್ಲ. ಊಟಕ್ಕೆ ಬಡಿಸಿ ತಟ್ಟೆಯನ್ನು ಕೊಂಚ ಜೋರಾಗಿ ಇಡುತ್ತಿದ್ದಳು. ಅದೇ ಕರೆ.

ಆಸ್ಪತ್ರೆಯಲ್ಲಿ ಆದದ್ದು ಇಷ್ಟು. ಅಮ್ಮ ಒಳಗೆ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಡಾಕ್ಟರು ಹೊರಗೆ ಬಂದು, ‘ಬಿಪಿ ಮಾತ್ರೆ ಸರಿಯಾಗಿ ತಗೋತಿದ್ರಾ? ತಗೊಂಡ ಹಾಗೆ ಕಾಣ್ತಿಲ್ಲವಲ್ಲ’ ಅಂತ ಕೇಳಿ, ಉತ್ತರಕ್ಕೂ ಕಾಯದೆ ಇನ್ನೊಂದು ಬಾಗಿಲೊಳಗೆ ನುಸುಳಿದರು. ಕಾರಿಡಾರಿನಲ್ಲಿ ಗಾಡಿಯಣ್ಣ, ಅವನ ತಂಗಿ, ಹೆಂಡತಿ, ಮತ್ತೆ ಯಾರದೋ ಕಡೆಯ ಹತ್ತಾರು ಜನ. ತಪ್ಪು ಯಾರದು ಎಂಬ ಪ್ರಶ್ನೆ ಬಂದಾಗ ‘ಸೊಸೆಯದು’ ಅಂತ ಬರೆದರೆ ಕಣ್ಣುಮುಚ್ಚಿ ಪೂರ್ತಿ ಅಂಕ ಕೊಡುವ ಪರೀಕ್ಷೆ ಇದು. ಲೋಕದಲ್ಲಿ ಇದರಲ್ಲಿ ಫೇಲಾದ ಗಂಡಸು ಇನ್ನೂ ಹುಟ್ಟಿಲ್ಲ. ಗಾಡಿಯಣ್ಣನೂ ಅದನ್ನೇ ಬರೆದ.

‘ದಿನಕ್ಕೆ ಒಂದು ಮಾತ್ರೆ. ಒಂದೇ ಒಂದು. ಅದನ್ನ ನೆನಪಿಟ್ಟು ತಿಂಡಿ ಡಬ್ಬಿ ಜೊತೆ ಕಟ್ಟಿ ಕೊಡೋಕೆ ಆಗ್ಲಿಲ್ವಾ ನಿನಗೆ?’

‘ದಿನಾ ಕಟ್ಟಿದೀನಿ’ ಅಂದಳು ಹೆಂಡತಿ. ‘ಕ್ಯಾಲೆಂಡರಿನ ಆವತ್ತಿನ ಹಾಳೆ ಹರಿದು ಅದರಲ್ಲೇ ಕಟ್ಟಿ ಕೊಟ್ಟಿದೀನಿ. ಬೇಕಾದ್ರೆ ಬಂದು ಗೋಡೆ ನೋಡಿ.’

‘ಹಾಳೆ ಹರಿದ್ರೆ ಮಾತ್ರೆ ಕೊಟ್ಟ ಹಾಗಾಯ್ತಾ ಅತ್ತಿಗೆ?’ ಅಂದಳು ತಂಗಿ.

ಅಲ್ಲಿಗೆ ತೀರ್ಪು ಮುಗಿಯಿತು. ಮಾರನೆಯ ದಿನ ಅಮ್ಮ ತೀರಿಕೊಂಡಳು. ತಂಗಿ ಸಾವಿನ ಮನೆಗೆ ಬಂದವರಿಗೆಲ್ಲ ಮಾತ್ರೆಯ ಕತೆ ಹೇಳಿದಳು, ಆಮೇಲೆ ಅಣ್ಣನ ಮನೆಯ ಹೊಸಲು ತುಳಿಯಲಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರು ಅಮ್ಮ ಆಸ್ಪತ್ರೆ ಸೇರಿದ ದಿನಕ್ಕೇ ನಿಂತಿತು. ಅದರ ಹಾಳೆಯನ್ನು ಆಮೇಲೆ ಯಾರೂ ಹರಿಯಲಿಲ್ಲ.

ಹೀಗಿರುವಾಗ ಮಳೆಗಾಲ ಬಂತು. ತೆರೆದ ಕಾಲು ಪಾಲು ಕಿಟಕಿಯಿಂದ ನೀರು ನುಗ್ಗಿ ಅಮ್ಮ ಕೂರುತ್ತಿದ್ದ ಸೀಟು ಸ್ಪಂಜಿನಂತೆ ಉಬ್ಬಿತು. ಗಾಡಿಯಣ್ಣ ಅಲ್ಲಿ ಪ್ಲಾಸ್ಟಿಕ್ಕು ಕಟ್ಟಿದ, ಗಾಳಿಗೆ ಹಾರಿತು. ರಟ್ಟು ಸಿಕ್ಕಿಸಿದ, ನೆನೆದು ಕುಸಿಯಿತು. ಕೊನೆಗೆ ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಹೋದ.

ಮೇಸ್ತ್ರಿ ಸ್ವಿಚ್ಚು ಒತ್ತಿ, ಬಾಗಿಲಿಗೆ ಕಿವಿಯಿಟ್ಟು, ‘ಒಳಗೆ ಮೋಟರು ಸತ್ತಿದೆ. ರೆಗ್ಯುಲೇಟರೂ ಹೋಗಿರುತ್ತೆ, ಗಾಜು ಎತ್ತಿ ಇಳಿಸೋ ಕಬ್ಬಿಣದ ಕೈ ಇರುತ್ತಲ್ಲ, ಅದು. ಎರಡೂ ಬದಲಾಯಿಸ್ಬೇಕು. ಮೂರು ದಿನ ಗಾಡಿ ಬಿಟ್ಟು ಹೋಗಣ್ಣ’ ಅಂದ.

‘ಮೂರು ದಿನ ಜನ ನೆಲದ ಮೇಲೆ ಮಲಗ್ತಾರಾ? ಸಾಮಾನು ಕೊಡು, ನಾನೇ ಹಾಕ್ಕೋತೀನಿ.’

‘ನೀನಾ?’ ಮೇಸ್ತ್ರಿ ಅವನನ್ನು ಮೇಲಿಂದ ಕೆಳಗೆ ನೋಡಿದ. ‘ಹಾಸಿಗೆ ಅಲ್ಲಣ್ಣ ಇದು, ಹೇಗೆ ಬಿಸಾಕಿದ್ರೂ ನಡೆಯೋಕೆ.’

ಆ ಒಂದು ಮಾತು ಸಾಕಾಯಿತು. ಭಾನುವಾರ ಬೆಳಿಗ್ಗೆ ಗಾಡಿಯಣ್ಣ ಹೊಸ ಮೋಟರು, ಹೊಸ ರೆಗ್ಯುಲೇಟರು, ಒಂದು ಸ್ಕ್ರೂ ಡ್ರೈವರು ಮತ್ತು ಅಪಾರ ಆತ್ಮವಿಶ್ವಾಸವನ್ನು ಮನೆಯ ಮುಂದೆ ಹರವಿಕೊಂಡು ಕೂತ. ಸ್ಕ್ರೂಗಳು ಬಿಚ್ಚಿಕೊಂಡವು. ಬಾಗಿಲಿನ ಒಳಮೈಗೆ ಹೊದಿಸಿದ ರೆಕ್ಸಿನ್ನಿನ ಹಲಗೆ ಮಾತ್ರ ಅಲುಗಲಿಲ್ಲ. ಅದನ್ನು ಮೀಟಲು ಚಪ್ಪಟೆಯಾದ ಏನಾದರೂ ಬೇಕಿತ್ತು. ಅವನು ಒಳಗೆ ಹೋಗಿ ಕೈಗೆ ಸಿಕ್ಕಿದ್ದನ್ನು ತಂದ.

ಎರಡು ನಿಮಿಷಕ್ಕೆ ಹೆಂಡತಿ ಹೊಸಲಿಗೆ ಬಂದಳು.

‘ಅದು ನನ್ನ ಬಟ್ಟೆ ಕತ್ತರಿ.’

‘ಗೊತ್ತು.’

‘ಅದರಲ್ಲಿ ನಾನು ಒಂದು ಕಾಗದಾನೂ ಕತ್ತರಿಸಲ್ಲ, ಹರಿತ ಹಾಳಾಗುತ್ತೆ ಅಂತ. ನೀವು ಲಾರಿ ಕತ್ತರಿಸ್ತಾ ಇದೀರಾ?’

‘ಲಾರಿ ಅಲ್ಲ, ಟ್ರಕ್ಕು. ಕತ್ತರಿಸ್ತಿಲ್ಲ, ಮೀಟ್ತಾ ಇದೀನಿ.’

‘ಪಟ್’ ಅಂತ ಏನೋ ಮುರಿಯಿತು. ಹಲಗೆಯನ್ನು ಹಿಡಿದಿಟ್ಟಿದ್ದ ಪ್ಲಾಸ್ಟಿಕ್ ಕ್ಲಿಪ್ಪು.

‘ಮುರೀತು’ ಅಂದಳು.

‘ಮುರಿದಿದ್ದಲ್ಲ ಅದು, ಬಿಚ್ಚಿದ್ದು.’

ಮತ್ತೆರಡು ಸಲ ‘ಪಟ್, ಪಟ್’ ಅಂತು.

‘ಚೆನ್ನಾಗಿ ಬಿಚ್ಕೋತಾ ಇದೆ’ ಅಂದಳು ಹೆಂಡತಿ.

ಹನ್ನೊಂದು ತಿಂಗಳಲ್ಲಿ ಇವರಿಬ್ಬರು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಸಂಭಾಷಣೆ ಇದು. ಗಾಡಿಯಣ್ಣನಿಗೆ ಒಳಗೊಳಗೇ ಖುಷಿಯಾಯಿತು. ಕತ್ತರಿಯ ಋಣ ಅಂದುಕೊಂಡ. ಇನ್ನೂ ಒಂದೆರಡು ಕ್ಲಿಪ್ಪು ಇದ್ದಿದ್ದರೆ ಚೆನ್ನಾಗಿತ್ತು.

ಹಲಗೆ ಕಳಚಿ ಬಂತು. ಆದರೆ ಹಳೇ ರೆಗ್ಯುಲೇಟರು ಬಿಚ್ಚಿದರೆ ಗಾಜು ದಢಾರನೆ ಒಳಗೆ ಬೀಳುತ್ತದೆ. ಯಾರಾದರೂ ಅದನ್ನು ಮೇಲಕ್ಕೆ ಹಿಡಿದಿರಬೇಕು. ಅವನು ತಲೆ ಎತ್ತದೆ, ಸ್ಕ್ರೂ ಡ್ರೈವರಿಗೆ ಹೇಳುವ ಹಾಗೆ ಹೇಳಿದ: ‘ಒಂದು ಸ್ವಲ್ಪ ಗಾಜು ಹಿಡಿದ್ರೆ...’

ಅವಳು ಬಂದಳು. ಗಾಜು ಹಿಡಿಯಲಿಲ್ಲ. ಒಳಗಿನಿಂದ ಅಗಲವಾದ ಅಂಟುಪಟ್ಟಿ ತಂದು ಗಾಜನ್ನು ಚೌಕಟ್ಟಿಗೆ ಎರಡು ಕಡೆ ಎಳೆದು ಅಂಟಿಸಿದಳು. ಬಿಗಿಯಾಗಿ ನಿಂತಿತು. ತೋಳಿಗೆ ಗುಂಡುಪಿನ್ನು ಹಾಕಿ ಅಳತೆ ನೋಡುವವಳಿಗೆ ಅದೇನು ಮಹಾ. ಗಾಡಿಯಣ್ಣ ‘ನಾನೂ ಅದೇ ಹೇಳ್ಬೇಕು ಅಂತಿದ್ದೆ’ ಅಂದ. ಇಂಥ ಮಾತಿಗೆ ಉತ್ತರ ಕೊಡುವುದನ್ನು ಅವಳು ಮದುವೆಯಾದ ಎರಡನೇ ವರ್ಷಕ್ಕೇ ಬಿಟ್ಟಿದ್ದಳು.

ಅವನು ತೋಳನ್ನು ಮೊಣಕೈವರೆಗೂ ಬಾಗಿಲೊಳಗೆ ತೂರಿಸಿದ. ಕೈಗೆ ಕಬ್ಬಿಣ ಸಿಗಲಿಲ್ಲ. ತಣ್ಣಗೆ, ಮೆತ್ತಗೆ, ಒದ್ದೆಯಾಗಿ ಏನೋ ಸಿಕ್ಕಿತು.

‘ಅಯ್ಯೋ, ಇಲಿ ಗೂಡು ಕಟ್ಟಿದೆ ಕಣೇ!’

‘ಕಚ್ಚುತ್ತೆ, ಕೈ ತೆಗೀರಿ.’

ತೆಗೆದ. ಮುಷ್ಟಿಯಲ್ಲಿ ಬೂದುಬಣ್ಣದ ಅಂಟು ಇತ್ತು, ಸುಣ್ಣ ಕಲಸಿದ ಕಾಗದದಂಥದ್ದು. ಬಾಗಿಲಿನ ತಳದಲ್ಲಿ ನೀರು ಹರಿದುಹೋಗುವ ತೂತುಗಳಿರುತ್ತವೆ. ಈ ಅಂಟು ಅವನ್ನೆಲ್ಲ ಮುಚ್ಚಿತ್ತು. ನೀರು ಒಳಗೇ ನಿಂತಿತ್ತು, ಮೋಟರು ಮುಳುಗಿ ಸತ್ತಿತ್ತು, ಕಬ್ಬಿಣದ ಕೈ ತುಕ್ಕು ತಿಂದಿತ್ತು. ‘ಅದಕ್ಕೇ ನೋಡು’ ಅಂತ ಅವನು ಮೇಸ್ತ್ರಿಯ ಗತ್ತಿನಲ್ಲಿ ವಿವರಿಸುತ್ತ ಮತ್ತೆ ಕೈ ಹಾಕಿದ. ಈ ಸಲ ಅಂಟಿನ ಮೇಲೆ, ನೀರು ಮುಟ್ಟದಷ್ಟು ಎತ್ತರದಲ್ಲಿ ಒಣಗಿ ಉಳಿದಿದ್ದವು ಬಂದವು: ಅಮ್ಮನ ಒಂದು ಹೇರ್‌ಪಿನ್ನು, ಪೆಪ್ಪರಮಿಂಟಿನ ಕಾಗದ, ಮತ್ತೆ ಪುಟ್ಟ ಪುಟ್ಟ ಪೊಟ್ಟಣಗಳು. ಉಗುರಿನಷ್ಟಗಲದ ಚೌಕ ಪೊಟ್ಟಣಗಳು, ಒಂದೇ ಅಚ್ಚಿನವು. ಒಂದು, ಇನ್ನೊಂದು, ಆಮೇಲೆ ಹಿಡಿ ಹಿಡಿ.

‘ಇದೇನು, ಇಲಿ ಅಂಗಡಿ ಇಟ್ಟಿದೆಯಾ?’ ಅಂತ ನಗುತ್ತ ಅವನು ಹೆಂಡತಿಯ ಕಡೆ ತಿರುಗಿದ.

ಅವಳು ನಗುತ್ತಿರಲಿಲ್ಲ. ಟ್ರಕ್ಕಿನ ಮೆಟ್ಟಿಲ ಮೇಲೆ ಮೆಲ್ಲಗೆ ಕೂತಳು. ಅವನ ಅಂಗೈಯಿಂದ ಒಂದು ಪೊಟ್ಟಣ ತೆಗೆದುಕೊಂಡಳು. ನಾಲ್ಕು ಮೂಲೆ ಒಳಗೆ ಮಡಿಸಿ, ಒಂದರೊಳಗೊಂದು ಸಿಕ್ಕಿಸಿದ ಮಡಿಕೆ. ಎಸೆದರೂ ಬಿಚ್ಚಿಕೊಳ್ಳದು. ದರ್ಜಿಯ ಕೈ ಮಡಿಸಿದ್ದು.

‘ಇದು ನನ್ನ ಮಡಿಕೆ’ ಅಂದಳು.

ಬಿಚ್ಚಿದಳು. ಕ್ಯಾಲೆಂಡರಿನ ಹಾಳೆ. ದಪ್ಪ ಅಕ್ಷರದ ತಾರೀಖು. ನಡುವೆ ಬಿಳೀ ಮಾತ್ರೆ, ಒಂದು ಕಡೆ ಕೊಂಚ ಕರಗಿತ್ತು. ಇನ್ನೊಂದು ಬಿಚ್ಚಿದಳು, ಮುಂದಿನ ತಾರೀಖು. ಇನ್ನೊಂದು. ಭಾನುವಾರ ಬಿಟ್ಟು ಒಂದು ದಿನವೂ ತಪ್ಪಿರಲಿಲ್ಲ. ಭಾನುವಾರ ಟ್ರಕ್ಕು ಹೊರಡುತ್ತಿರಲಿಲ್ಲ. ಆವತ್ತು ಅಮ್ಮ ಮನೆಯಲ್ಲಿ, ಸೊಸೆಯ ಕಣ್ಣೆದುರಿಗೇ ಮಾತ್ರೆ ನುಂಗುತ್ತಿದ್ದಳು.

ಎಲ್ಲಕ್ಕಿಂತ ಮೇಲಿದ್ದ ಪೊಟ್ಟಣವನ್ನು ಹಿಡಿದು ಅವಳು ಒಳಗೆ ಹೋದಳು. ಅಡುಗೆಮನೆಯ ಗೋಡೆಗೆ ಹಿಡಿದು ನೋಡಿದಳು. ವಾಪಸು ಬಂದು ಮತ್ತೆ ಅದೇ ಮೆಟ್ಟಿಲ ಮೇಲೆ ಕೂತಳು.

‘ಗೋಡೆ ಮೇಲಿರೋದು ಇದರ ಮಾರನೇ ದಿನ. ಆವತ್ತಿಗೆ ಅವರು ಆಸ್ಪತ್ರೇಲಿದ್ರು.’ ಪೊಟ್ಟಣವನ್ನು ತೊಡೆಯ ಮೇಲಿಟ್ಟು ಅಂದಳು: ‘ಹನ್ನೊಂದು ತಿಂಗಳು. ನೀವೆಲ್ಲ ಅಷ್ಟು ಸಲ ಅಂದ ಮೇಲೆ ನನಗೇ ಅನುಮಾನ ಬಂದಿತ್ತು. ಮರೆತಿದ್ದೆನೇನೋ ಒಂದೆರಡು ದಿನ. ಹಾಳೆ ಹರಿದು ಮಾತ್ರೆ ಇಡೋದು ಮರೆತಿದ್ದೆನೇನೋ. ಹೊಲೀತಾ ಕೂತಾಗೆಲ್ಲ ಅದೇ ಯೋಚನೆ.’

ಗಾಡಿಯಣ್ಣನ ಬಾಯಿ ತೆರೆದುಕೊಂಡಿತ್ತು. ಆದರೆ ಅದರಿಂದ ಹೊರಗೆ ಬಂದ ಮಾತು, ಗಂಡಸಿನ ಬಾಯಿಯಿಂದ ಇಂಥ ಹೊತ್ತಿನಲ್ಲಿ ಸದಾ ಬರುವಂಥದ್ದೇ. ತಪ್ಪನ್ನು ಹೊರಿಸಲು ಅದು ಮತ್ತೊಂದು ತಲೆ ಹುಡುಕುತ್ತಿತ್ತು.

‘ಅಮ್ಮ ಯಾಕೆ ಹೀಗೆ ಮಾಡಿದ್ಲು? ನಾನು ದಿನಾ ಕೇಳ್ತಿದ್ದೆ, ನುಂಗಿದ್ಯಾ ಅಂತ. ಹೂಂ ಕಣಪ್ಪ, ಆಯ್ತು ಅಂತಿದ್ಲು.’

‘ಕೇಳ್ತಿದ್ರಿ. ನೋಡ್ತಿದ್ರಾ?’

‘ರಸ್ತೆ ನೋಡ್ತಿದ್ದೆ. ಗಾಡಿ ಓಡಿಸೋನು ರಸ್ತೆ ನೋಡ್ದೆ...’

ಅಲ್ಲಿಗೆ ನಿಂತ. ದಿನಾ ಬೆಳಿಗ್ಗೆ ಡಬ್ಬಿ ಮುಚ್ಚುವ ಸದ್ದು, ನೀರಿನ ಬಾಟಲಿಯ ಸದ್ದು. ಅದಾದ ಮೇಲೆ ಕಿಟಕಿಯ ಸದ್ದು. ಝುಂಯ್ ಅಂತ ಒಂದು ಸಲ ಕೆಳಕ್ಕೆ, ಝುಂಯ್ ಅಂತ ಒಂದು ಸಲ ಮೇಲಕ್ಕೆ. ಆಟ ಆಡ್ತಾಳೆ ಅಂದುಕೊಂಡಿದ್ದ. ಗಾಜಿಗೂ ಬಾಗಿಲಿಗೂ ನಡುವೆ, ಒಣಗಿದ ರಬ್ಬರಿನ ಅಂಚಿನಲ್ಲಿ, ಬೆರಳು ತೂರುವಷ್ಟು ಸಂದಿ ಇತ್ತು. ಮುದುಕಿ ಅಲ್ಲೊಂದು ಅಂಚೆಪೆಟ್ಟಿಗೆ ಮಾಡಿಕೊಂಡಿದ್ದಳು.

‘ಅದು ಬಿಪಿಗೆ ಕೊಡೋ ನೀರಿನ ಮಾತ್ರೆ’ ಅಂದಳು ಹೆಂಡತಿ. ‘ನುಂಗಿದ ಅರ್ಧ ಗಂಟೆಗೆ ಒಂದಕ್ಕೆ ಹೋಗ್ಬೇಕಾಗುತ್ತೆ. ಆಮೇಲೂ ಪದೇ ಪದೇ. ಮೊದಲು ದಾರೀಲಿ ನಿಲ್ಸು ನಿಲ್ಸು ಅಂತ ಕೇಳ್ತಿದ್ರು ಅಂತ ನೀವೇ ಬಂದು ಹೇಳ್ತಿದ್ರಲ್ಲ. ಆಮೇಲೆ ಒಂದಿನ ಬಂದು, ಅಮ್ಮಂಗೆ ಈಗ ಗುಣ ಆಗಿದೆ, ಮೂರು ದಿನದಿಂದ ಒಂದು ಸಲಾನೂ ಗಾಡಿ ನಿಲ್ಸು ಅಂದಿಲ್ಲ ಅಂದ್ರಿ.’

ಅಂದಿದ್ದ. ಅದಕ್ಕೂ ಮುಂಚೆ ಬೇರೊಂದು ಮಾತು ಅಂದಿದ್ದ, ಅದನ್ನು ಮನೆಗೆ ಬಂದು ಹೇಳಿರಲಿಲ್ಲ. ಒಂದು ಬೆಳಿಗ್ಗೆ ಎರಡು ಸಲ ನಿಲ್ಲಿಸಿಯಾಗಿತ್ತು. ಹಾಸಿಗೆ ಇಳಿಸಬೇಕಾದ ಮನೆಯ ಮುಂದೆ, ಮನೆಯವರೆಲ್ಲ ಹೊರಗೆ ನಿಂತಿದ್ದಾಗ, ಅಮ್ಮ ಮೆಲ್ಲಗೆ ಅವನ ತೋಳು ಮುಟ್ಟಿ ಮೂರನೇ ಸಲ ಕೇಳಿದಳು. ಇವನು ಎಲ್ಲರಿಗೂ ಕೇಳುವ ಹಾಗೆ, ‘ಅಮ್ಮಾ, ನಾನು ಹಾಸಿಗೆ ಸಾಗಿಸೋದಾ, ನಿನ್ನ ಸಾಗಿಸೋದಾ? ಈಗ ತಾನೇ ಹೋಗಿದ್ಯಲ್ಲ? ಇನ್ನೊಂದು ಸಲ ನಿಲ್ಸು ಅಂದ್ರೆ ನಾಳೆಯಿಂದ ಮನೇಲೇ ಇರು’ ಅಂದ. ಎಲ್ಲರೂ ನಕ್ಕರು. ತಮಾಷೆ ಚೆನ್ನಾಗಿ ಬಂತು ಅಂತ ಅವನೂ ನಕ್ಕ. ಅಮ್ಮನೂ ನಕ್ಕಳು. ಮಾರನೆಯ ದಿನದಿಂದ ಅವಳು ಕೇಳಲಿಲ್ಲ. ಕಿಟಕಿ ಮಾತ್ರ ಝುಂಯ್ ಅಂತ ಇಳಿದು ಝುಂಯ್ ಅಂತ ಏರುತ್ತಿತ್ತು.

ತಳದ ಪೊಟ್ಟಣಗಳು ಕರಗಿ ಅಂಟಾಗಿದ್ದವು. ಯಾವ ತಾರೀಖಿನಿಂದ ಶುರುವಾಯಿತು ಅಂತ ಅವುಗಳಲ್ಲಿ ಓದಲು ಆಗುತ್ತಿರಲಿಲ್ಲ. ಗಾಡಿಯಣ್ಣನಿಗೆ ಓದುವ ಅಗತ್ಯವೂ ಇರಲಿಲ್ಲ.

‘ನೋಡು’ ಅಂತ ಶುರು ಮಾಡಿದ. ‘ನಾನು ಆವತ್ತು ಆಸ್ಪತ್ರೇಲಿ...’

‘ಮೊದಲು ಕೆಲಸ ಮುಗಿಸಿ’ ಅಂದಳು ಅವಳು, ಎದ್ದು ನಿಂತು. ‘ಮೋಡ ಹಾಕಿದೆ.’

ಆಮೇಲಿನ ಎರಡು ಗಂಟೆ ಹೊತ್ತು ಗಾಡಿಯಣ್ಣ ಆ ಬಾಗಿಲಿನ ಜೊತೆ ಹೇಗೆ ಬಡಿದಾಡಿದ ಎಂಬುದನ್ನು ವಿವರಿಸುವುದು ಮೇಸ್ತ್ರಿಗಳ ಕುಲಕ್ಕೇ ಅವಮಾನ. ಬೋಲ್ಟು ತುಕ್ಕು ಹಿಡಿದಿತ್ತು, ಕಣ್ಣು ಮಂಜಾಗಿತ್ತು. ಹಳೇ ಮೋಟರಿನ ತಂತಿಗಳು ಕೆಂಪು ಮತ್ತು ಕಪ್ಪು, ಹೊಸದರವು ನೀಲಿ ಮತ್ತು ಹಳದಿ. ಯಾವುದಕ್ಕೆ ಯಾವುದು ಅಂತ ಮೇಸ್ತ್ರಿಯನ್ನು ಕೇಳಬಹುದಿತ್ತು. ಕೇಳುವ ಅಭ್ಯಾಸ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ದೇವರ ಮೇಲೆ ಭಾರ ಹಾಕಿ ಜೋಡಿಸಿ, ಟೇಪು ಸುತ್ತಿ, ಹಲಗೆ ಬಡಿದು, ಚಾವಿ ತಿರುಗಿಸಿದ. ಅಂಟುಪಟ್ಟಿ ಕಿತ್ತು, ಸ್ವಿಚ್ಚನ್ನು ಮೇಲಕ್ಕೆ ಒತ್ತಿದ.

ಝುಂಯ್ ಅಂತ ಗಾಜು ಕೆಳಗಿಳಿಯಿತು.

ಕೆಳಕ್ಕೆ ಒತ್ತಿದ. ಗಾಜು ಮೇಲೇರಿತು.

ಹೆಂಡತಿ ಇದನ್ನು ಎರಡು ಸಲ ನೋಡಿದಳು. ‘ತಲೆಕೆಳಗಾಗಿದೆ.’

‘ತಂತಿ ಅದಲುಬದಲಾಗಿದೆ ಅಷ್ಟೇ. ನೆನಪಿಟ್ಕೊಂಡ್ರೆ ಸಾಕು. ಮೇಲೆ ಅಂದ್ರೆ ಕೆಳಗೆ, ಕೆಳಗೆ ಅಂದ್ರೆ ಮೇಲೆ. ಅದರಲ್ಲೇನಿದೆ?’

‘ಏನಿಲ್ಲ. ನಿಮ್ಮ ಜೊತೆ ಇಷ್ಟು ವರ್ಷ ಹಾಗೇ ಅಲ್ವಾ ನಾನು ಬದುಕಿರೋದು.’

ಅವನು ಸ್ಕ್ರೂ ಡ್ರೈವರು ಕೆಳಗಿಟ್ಟ. ಎರಡು ಗಂಟೆ ಹೊತ್ತು ಬಾಗಿಲಿನೊಳಗೆ ತಲೆಯಿಟ್ಟು ಒಂದು ಭಾಷಣ ತಯಾರು ಮಾಡಿಕೊಂಡಿದ್ದ. ಅದನ್ನು ಒಪ್ಪಿಸಲು ಗಂಟಲು ಸರಿಮಾಡಿಕೊಂಡ. ‘ನಿನ್ನ ಕ್ಷಮೆ ಕೇಳ್ಬೇಕು ಅಂತ...’

‘ನನ್ನ ಹತ್ರ ಏನು ಹೇಳ್ತೀರಾ?’ ಅಂದಳು. ‘ನಾನು ಕಟ್ಟಿದೀನಿ ಅಂತ ನನಗೇ ಹೇಳ್ತೀರಾ? ಆವತ್ತು ಎಲ್ಲಿ ಅಂದ್ರಿ? ನಿಮ್ಮ ತಂಗಿ ಮುಂದೆ. ಇದನ್ನೂ ಅಲ್ಲೇ ಹೇಳಿ.’

‘ಫೋನ್ ಮಾಡಿ ಹೇಳ್ತೀನಿ, ಈಗಲೇ.’

‘ಆವತ್ತು ಫೋನಲ್ಲಿ ಅಂದಿದ್ರಾ?’

ಅವಳು ಒಳಗೆ ಹೋಗಿ ಅಮ್ಮನ ಡಬ್ಬಿ ತಂದಳು. ಒಣಗಿದ್ದ ಪೊಟ್ಟಣಗಳನ್ನೆಲ್ಲ ಅದರೊಳಗೆ ಜೋಡಿಸಿ, ಮುಚ್ಚಳ ಒತ್ತಿ, ಸೀರೆ ಬದಲಾಯಿಸಿ ಬಂದು ಅಮ್ಮನ ಸೀಟಿನ ಮೇಲೆ ಗೋಣಿಚೀಲ ಹಾಸಿ ಕೂತಳು. ಡಬ್ಬಿ ತೊಡೆಯ ಮೇಲೆ. ಗಾಡಿಯಣ್ಣ ಗಂಟಲು ಒಣಗಿ ಕುಡಿಯುವ ನೀರಿನ ಬಿಂದಿಗೆಯನ್ನು ಅರ್ಧ ಖಾಲಿ ಮಾಡಿ ಬಂದು ಟ್ರಕ್ಕು ಹೊರಡಿಸಿದ.

ತಂಗಿಯ ಮನೆ ಊರಿನ ಆಚೆ ತುದಿ. ಸೇತುವೆ ದಾಟುವ ಹೊತ್ತಿಗೆ ಆ ಅರ್ಧ ಬಿಂದಿಗೆ ನೀರು ತನ್ನ ಕೆಲಸ ಶುರು ಮಾಡಿತು. ಗಾಡಿಯಣ್ಣ ಸೀಟಿನಲ್ಲಿ ಸ್ವಲ್ಪ ಸರಿದು ಕೂತ. ಮುಂದಿನ ಸಿಗ್ನಲ್ಲಿನಲ್ಲಿ ಇನ್ನೊಂದು ಕಡೆ ಸರಿದ. ನಿಲ್ಲಿಸಬಹುದಿತ್ತು, ಗಾಡಿ ತನ್ನದು, ಬ್ರೇಕಿನ ಮೇಲೆ ಕಾಲು ತನ್ನದು. ಆದರೂ ನಿಲ್ಲಿಸಬೇಕು ಎಂಬ ಆ ಒಂದು ಮಾತು, ಅದೂ ಈ ಹೆಂಗಸಿನ ಮುಂದೆ, ಇವತ್ತು, ನಾಲಿಗೆಗೆ ಬರಲಿಲ್ಲ. ಅಮ್ಮ ಎಷ್ಟು ದಿನ ಹೀಗೆ ಕೂತಿದ್ದಳು ಅಂತ ಯೋಚಿಸಿದ. ಯೋಚಿಸಿದರೆ ಇನ್ನೂ ತಡೆಯಲಾಗುತ್ತಿರಲಿಲ್ಲ.

‘ಏನು?’ ಅಂದಳು ಹೆಂಡತಿ.

‘ಏನಿಲ್ಲ.’

‘ನಿಲ್ಸಿ.’

‘ಬೇಡ, ಇನ್ನೇನು ಬಂದೇಬಿಡ್ತು.’

‘ಅಲ್ಲಿ ಪೆಟ್ರೋಲ್ ಬಂಕ್ ಇದೆ, ನಿಲ್ಸಿ.’ ಅವಳು ಕಿಟಕಿಯ ಹೊರಗೆ ನೋಡುತ್ತಲೇ, ಅವನು ಹೇಳದ್ದನ್ನೂ ಊಹಿಸಿದವಳ ಹಾಗೆ ಅಂದಳು: ‘ಇಲ್ಲಿ ಯಾರೂ ಬಯ್ಯಲ್ಲ.’

ಅವನು ನಿಲ್ಲಿಸಿ, ಇಳಿದು, ಬಂಕಿನ ಹಿಂದಿನ ಸಣ್ಣ ಬಾಗಿಲೊಳಗೆ ಹೋದ. ಬೇಕಾದ್ದಕ್ಕಿಂತ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ತೊಳೆದಿದ್ದ, ಅಂಗಿಯ ಎದೆಯೆಲ್ಲ ಒದ್ದೆ. ನಲ್ಲಿ ಜೋರಿತ್ತು ಅಂದ. ಅವಳು ಹೌದಾ ಅಂದಳು.

ತಂಗಿಯ ಮನೆಯ ಮುಂದೆ ಟ್ರಕ್ಕು ನಿಂತಾಗ ಮೊದಲ ಹನಿ ಬಿತ್ತು. ಹೆಂಡತಿ ಡಬ್ಬಿ ಹಿಡಿದು ಇಳಿದಳು. ಗಾಡಿಯಣ್ಣ ಸ್ಟಿಯರಿಂಗು ಬಿಡಲಿಲ್ಲ.

‘ನೀನೇ ಹೇಳಿಬಿಡು’ ಅಂದ. ‘ಹೆಂಗಸರು ಹೆಂಗಸರು ಮಾತಾಡ್ಕೊಂಡ್ರೆ...’

ಅವಳು ಬಾಗಿಲು ಹಾಕಿದಳು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ತಂಗಿ ತಲೆಯ ಮೇಲೆ ಟವೆಲ್ಲು ಹಾಕಿಕೊಂಡು ಬರುತ್ತಿದ್ದಳು. ಅಮ್ಮನ ಮೂಗು, ಅಮ್ಮನ ನಡಿಗೆ. ಅತ್ತಿಗೆಯನ್ನು ದಾಟಿ, ಅವಳನ್ನು ನೋಡಿಯೂ ನೋಡದವಳ ಹಾಗೆ, ನೇರವಾಗಿ ಟ್ರಕ್ಕಿನ ಕಡೆ, ಅಮ್ಮನ ಕಿಟಕಿಯ ಕಡೆ ಬಂದಳು. ಅರ್ಧ ಮುಚ್ಚಿದ್ದ ಗಾಜಿನ ಮೇಲೆ ಅವಳ ಕಣ್ಣುಗಳು ಕಂಡವು.

ಗಾಡಿಯಣ್ಣ ಬಗ್ಗಿ ಅಮ್ಮನ ಕಡೆಯ ಸ್ವಿಚ್ಚಿಗೆ ಕೈ ಚಾಚಿದ. ಒಂದು ನಿಮಿಷ ಸಿಕ್ಕಿದರೆ ಸಾಕು, ಗಾಜು ಏರಿಸಿಕೊಂಡು ಉಸಿರು ತೆಗೆದುಕೊಂಡು, ಆ ಭಾಷಣ ಎಲ್ಲಿಂದ ಶುರುವಾಗುತ್ತದೆ ಅಂತ ನೆನಪು ಮಾಡಿಕೊಂಡು... ಅವನ ಹೆಬ್ಬೆರಳು ಸ್ವಿಚ್ಚನ್ನು ಮೇಲಕ್ಕೆ ಒತ್ತಿತು. ಗಟ್ಟಿಯಾಗಿ ಒತ್ತಿತು.

ಝುಂಯ್. ಗಾಜು ಪೂರ್ತಿ ಕೆಳಗಿಳಿಯಿತು. ತಂಗಿಯ ಮುಖ ಪೂರ್ತಿ ಕಂಡಿತು. ನಡುವೆ ಏನೂ ಉಳಿಯಲಿಲ್ಲ.

‘ಏನಣ್ಣಾ?’ ಅಂದಳು.

ಭಾಷಣ ಎಲ್ಲೂ ಸಿಗಲಿಲ್ಲ. ‘ಅತ್ತಿಗೆ ದಿನಾ ಕಟ್ಟಿ ಕೊಟ್ಟಿದ್ಲು ಕಣೇ’ ಅಂದ. ‘ಒಂದಿನಾನೂ ತಪ್ಪಿಸಿಲ್ಲ. ಅಮ್ಮ ಎಲ್ಲಾನೂ ಈ ಬಾಗಿಲೊಳಗೆ ಹಾಕ್ತಿದ್ಲು. ನುಂಗಿದ್ರೆ ಇಳೀಬೇಕಾಗುತ್ತಲ್ಲ, ಅದಕ್ಕೆ. ನಾನು ಬೈದಿದ್ದೆ, ಎಲ್ಲರ ಎದುರಿಗೆ. ಗಾಡಿ ನಿಲ್ಸಲ್ಲ ಅಂದಿದ್ದೆ. ನಿಲ್ಸದೇ ಇದ್ದೋನು ನಾನು.’

ಹೆಂಡತಿ ಬಂದು ಡಬ್ಬಿ ಕೊಟ್ಟಳು. ತಂಗಿ ಮಳೆಯಲ್ಲೇ ನಿಂತು ಮುಚ್ಚಳ ತೆಗೆದಳು. ಒಂದು ಪೊಟ್ಟಣ ಬಿಚ್ಚಿ ತಾರೀಖು ನೋಡಿದಳು, ಮತ್ತೆ ಅದನ್ನು ಹಿಂದಿನಂತೆ ಮಡಿಸಲು ನೋಡಿದಳು. ಆಗಲಿಲ್ಲ. ಮೂಲೆಗಳು ಅವಳ ಕೈಯಲ್ಲಿ ನಿಲ್ಲಲಿಲ್ಲ. ಹೆಂಡತಿ ಅದನ್ನು ತೆಗೆದುಕೊಂಡು, ಎರಡು ಬೆರಳಲ್ಲಿ ಮಡಿಸಿ, ವಾಪಸು ಇಟ್ಟಳು.

‘ಒಳಗೆ ಬನ್ನಿ ಅತ್ತಿಗೆ, ನೆನೀತೀರಿ’ ಅಂದಳು ತಂಗಿ. ಟವೆಲ್ಲನ್ನು ಇಬ್ಬರ ತಲೆಯ ಮೇಲೂ ಹಿಡಿದಳು. ಅಣ್ಣನನ್ನು ಕರೆಯಲಿಲ್ಲ. ತಿರುಗಿ ನೋಡಲೂ ಇಲ್ಲ. ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿಕೊಂಡಿತು.

ಕರೆಯದ ಮನೆಗೆ ಹೇಗೆ ಹೋಗುವುದು? ಗಾಡಿಯಣ್ಣ ಕೂತಲ್ಲೇ ಕೂತ. ಮಳೆ ಜೋರಾಯಿತು. ತೆರೆದ ಕಿಟಕಿಯಿಂದ ಎರಚಲು ಅಮ್ಮನ ಸೀಟಿನ ಮೇಲೆ ಬೀಳತೊಡಗಿತು. ಅವನು ಸ್ವಿಚ್ಚನ್ನು ಮೇಲಕ್ಕೆ ಒತ್ತಿದ. ಟಿಕ್. ಗಾಜು ಆಗಲೇ ತಳ ಸೇರಿತ್ತು, ಇನ್ನೆಲ್ಲಿಗೆ ಇಳಿಯಬೇಕು? ಮತ್ತೆ ಒತ್ತಿದ. ಟಿಕ್. ಇಷ್ಟು ಬೇಗ ಕೆಟ್ಟಿತೇ ಅಂತ ದಿಗಿಲಾಯಿತು. ಒತ್ತಿದ, ಗುದ್ದಿದ, ಬಗ್ಗಿ ಎರಡು ಅಂಗೈಗಳಿಂದ ಮಳೆಯನ್ನೇ ತಡೆಯಲು ನೋಡಿದ. ಗೋಣಿಚೀಲ ನೆನೆಯಿತು, ಸೀಟು ನೆನೆಯಿತು, ಅವನೂ ತೊಯ್ದು ತೊಪ್ಪೆಯಾದ. ಎದುರು ಮನೆಯವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು.

ತಂಗಿಯ ಮನೆಯ ಬಾಗಿಲು ತೆರೆಯಿತು. ಹೊಸಲಿನ ಮೇಲೆ ಹೆಂಡತಿ, ಅವಳ ಹಿಂದೆ ತಂಗಿ. ಹನ್ನೊಂದು ತಿಂಗಳು ಮಿಷನ್ನಿನ ಸದ್ದಿನ ಕೆಳಗೆ ಹುದುಗಿದ್ದ ಆ ಗಂಟಲು ಮಳೆಯನ್ನು ಸೀಳಿ ಬೀದಿಯ ಕೊನೆಗೂ ಕೇಳುವ ಹಾಗೆ ಕೂಗಿತು.

‘ರೀ! ಕೆಳಗೆ ಒತ್ರೀ, ಕೆಳಗೆ! ನೀವೇ ಮಾಡಿದ್ದು ನಿಮಗೇ ಮರೆತುಹೋಯ್ತಾ?’

ಗಾಡಿಯಣ್ಣ ಒದ್ದೆ ಹೆಬ್ಬೆರಳನ್ನು ಒರೆಸಿಕೊಂಡು ಕೆಳಕ್ಕೆ ಒತ್ತಿದ. ಅಮ್ಮನ ಕಡೆಯ ಗಾಜು ಝುಂಯ್ ಅಂತ ಮೇಲೇರಿತು.